ಸಹಾಯಧನ ಯಾರ ಹೆಸರಿಗೆ ಬರುತ್ತದೆ?



ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗಾಡುವಾಗ ಜನ ನನ್ನನ್ನು ಗೊಬ್ಬರದ ವಿಚಾರ ಕೇಳುತ್ತಾರೆ, ಬೀಜದ ವಿಚಾರ ಕೇಳುತ್ತಾರೆ, ಟೊಮ್ಯಾಟೊ ಗಿಡಕ್ಕೆ ಬಂದ ರೋಗದ ಎಲೆಯನ್ನು ಕಿತ್ತು ತಂದು ತೋರಿಸುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವ ಪ್ರಶ್ನೆ ಬೇರೆ. "ಸಾರ್, ಪಕ್ಕದ ಹೊಲದವನಿಗೆ ದುಡ್ಡು ಬಂತು. ನನ್ನದೂ ಅದೇ ಮಣ್ಣು, ಅದೇ ರಾಗಿ, ಒಣಗಿದ್ದೂ ಅದೇ ಬಿಸಿಲಿಗೆ. ನನಗೆ ಯಾಕೆ ಬರಲಿಲ್ಲ?" ಈ ಪ್ರಶ್ನೆಗೆ ಅವಸರದ ಉತ್ತರ ಹೇಳುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾರೋ ತಿಂದುಬಿಟ್ಟರು ಎನ್ನುವವರು ಕೆಲವರು, ನಮ್ಮ ಹಣೆಬರಹ ಎನ್ನುವವರು ಕೆಲವರು. ನಾನು ಕಂಡ ಮಟ್ಟಿಗೆ ಇಂಥ ಮನೆಗಳಲ್ಲಿ ಬಹುಪಾಲು ಕಡೆ ಹಣ ನಿಂತದ್ದು ಈ ಎರಡರಿಂದಲೂ ಅಲ್ಲ. ಪಹಣಿಯಲ್ಲಿರುವ ಹೆಸರಿನಿಂದ. ಇವತ್ತಿನ ಮಾತು ಅದರ ಮೇಲೆಯೇ.

ಮೊದಲು ಹಣ ಹೇಗೆ ಬರುತ್ತದೆ ಎಂಬುದನ್ನು ನೋಡೋಣ. ಹಿಂದೆ ಊರಿಗೊಬ್ಬ ಶ್ಯಾನುಭೋಗರು, ಒಬ್ಬ ಪಟೇಲರು ಇದ್ದರು. ವಂಶಪಾರಂಪರ್ಯದ ಆ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದವು. ಆ ಏರ್ಪಾಡಿನಲ್ಲಿ ಅನ್ಯಾಯಗಳೂ ಇದ್ದವು, ಅದನ್ನು ನಾನು ಹೊಗಳುವುದಿಲ್ಲ. ಆದರೆ ಶ್ಯಾನುಭೋಗರಿಗೆ ಯಾರು ಯಾರ ಮಗ, ಯಾವ ಹೊಲ ಯಾರು ಉಳುತ್ತಾರೆ ಎಂಬುದು ಬಾಯಿಪಾಠವಾಗಿತ್ತು. ಕಾಗದದಲ್ಲಿ ತಾತನ ಹೆಸರಿದ್ದರೂ ಮೊಮ್ಮಗನನ್ನು ಕೂಗಿ ಕರೆಯುತ್ತಿದ್ದರು. 2000ದ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದವು, ಕೈಬರಹದ ಪಹಣಿ ನಡೆಯದಂತಾಯಿತು. ಅದರಿಂದ ಬಹಳ ಒಳ್ಳೆಯದಾಗಿದೆ. ಆದರೆ ಯಂತ್ರಕ್ಕೆ ನಿಮ್ಮ ಮುಖ ಗೊತ್ತಿಲ್ಲ, ನಿಮ್ಮ ತಂದೆಯ ಮುಖವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಕ್ಷರ ಮತ್ತು ಅಂಕಿ ಮಾತ್ರ.

ಈಗ ಸರ್ಕಾರದ ಧನಸಹಾಯ ಬರಬೇಕಾದರೆ ಮೂರು ಕಡೆ ಒಂದೇ ಮನುಷ್ಯ ಸಿಕ್ಕಬೇಕು. ಪಹಣಿಯ 9ನೆಯ ಕಲಮಿನಲ್ಲಿ, ಅಂದರೆ ಸ್ವಾಧೀನದಾರರ ಕಲಮಿನಲ್ಲಿ, ಅವನ ಹೆಸರಿರಬೇಕು. ಆಧಾರ್ ಚೀಟಿಯಲ್ಲಿ ಅದೇ ಹೆಸರಿರಬೇಕು. ಆ ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು. ಈ ಮೂರನ್ನೂ ಕಟ್ಟಿ ಒಂದು ಗಂಟು ಹಾಕುವುದೇ 'ಫ್ರೂಟ್ಸ್' ಎಂಬ ನೋಂದಣಿ. ಹೆಸರು ಹಣ್ಣಿನದ್ದಾದರೂ ಇದು ತೋಟಗಾರಿಕೆಗೆ ಮಾತ್ರ ಸೇರಿದ್ದಲ್ಲ, ಎಲ್ಲ ರೈತರದ್ದೂ. ನೋಂದಣಿ ಆದ ರೈತನಿಗೆ ಎಫ್.ಐ.ಡಿ. ಎಂಬ ಸಂಖ್ಯೆ ಸಿಗುತ್ತದೆ. ಬಿತ್ತನೆ ಬೀಜದ ರಿಯಾಯಿತಿಗೆ, ಹನಿ ನೀರಾವರಿಗೆ, ಬೆಂಬಲ ಬೆಲೆಗೆ ರಾಗಿ ಹಾಕುವುದಕ್ಕೆ, ಬೆಳೆ ಪರಿಹಾರಕ್ಕೆ, ಎಲ್ಲದಕ್ಕೂ ಈಗ ಅದನ್ನೇ ಕೇಳುವುದು.

ಈ ಗಂಟು ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದು 2023ರ ಬರದಲ್ಲಿ ಚೆನ್ನಾಗಿ ಗೊತ್ತಾಯಿತು. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತೆಂದು ರೈತನಿಗೆ 2,000 ರೂಪಾಯಿಯವರೆಗೆ ಕೊಟ್ಟಿತು. ಕೇಂದ್ರದ ಪಾಲಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು, ಏಪ್ರಿಲ್ ಕೊನೆಗೆ 3,454 ಕೋಟಿ ರೂಪಾಯಿ ಬಂತು, ಮುಂದೆ ಅದು ರೈತರ ಖಾತೆಗಳಿಗೆ ಹೋಯಿತು. ಆಗ ಇದ್ದ ದರ ಹೀಗೆ: ಮಳೆಯನ್ನು ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಮಾವು ತೆಂಗಿನಂಥ ಬಹುವರ್ಷದ ಬೆಳೆಗೆ 22,500. ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮಿತಿ. ಹೆಕ್ಟೇರೆಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎರಡೂವರೆ ಎಕರೆ. ಹಾಗಾಗಿ ಖುಷ್ಕಿ ರಾಗಿ ಒಂದೆಕರೆ ಹೋದರೆ 3,440 ರೂಪಾಯಿ ಆಸುಪಾಸು ಬರುತ್ತದೆ ಎಂದು ಇಟ್ಟುಕೊಳ್ಳಿ. ಬೆಳೆದ ಖರ್ಚಿಗೂ ಸಾಲದು, ಒಪ್ಪಿಕೊಳ್ಳುತ್ತೇನೆ. ಆದರೂ ಮುಂದಿನ ವರ್ಷ ಬೀಜ ಗೊಬ್ಬರಕ್ಕೆ ಸಾಲಗಾರನ ಮನೆ ಬಾಗಿಲು ತಟ್ಟುವುದನ್ನು ಅಷ್ಟರಮಟ್ಟಿಗೆ ತಪ್ಪಿಸುತ್ತದೆ.

ಕಾಮಸಮುದ್ರದ ಕಡೆಯ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಹೆಸರು ಬೇಡ. ಮೂವರು ಅಣ್ಣತಮ್ಮಂದಿರು, ನಾಲ್ಕು ಎಕರೆ ಇಪ್ಪತ್ತು ಗುಂಟೆ ಖುಷ್ಕಿ. ಬಾಯಿಮಾತಿನಲ್ಲಿ ಪಾಲಾಗಿ ಇಪ್ಪತ್ತು ವರ್ಷದ ಮೇಲಾಗಿದೆ. ನಡುವೆ ಬದು ಹಾಕಿಕೊಂಡಿದ್ದಾರೆ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ, ಜಗಳವೂ ಇಲ್ಲ. ಕಾಗದದಲ್ಲಿ ಮಾತ್ರ ಇವತ್ತಿಗೂ ತಾತನೇ ಯಜಮಾನ. ತಾತ ತೀರಿಕೊಂಡಾಗ ಈ ಮೂವರಲ್ಲಿ ಕೊನೆಯವನು ಇನ್ನೂ ಶಾಲೆಗೆ ಹೋಗುತ್ತಿದ್ದ. 2023ರಲ್ಲಿ ಮೂವರ ರಾಗಿಯೂ ಕಡಲೆಕಾಯಿಯೂ ಹೋಯಿತು. ಬೆಳೆ ಸಮೀಕ್ಷೆಯವರು ಬಂದು ಚಿತ್ರ ತೆಗೆದುಕೊಂಡು ಹೋದರು. ನಾಲ್ಕೂವರೆ ಎಕರೆಗೆ ಲೆಕ್ಕ ಹಾಕಿದರೆ 15,480 ರೂಪಾಯಿಯಷ್ಟು ಆಗಬೇಕು, ತಲೆಗೆ 5,160. ಬಂದದ್ದು ಒಂದು ಕಾಸೂ ಇಲ್ಲ. ಸತ್ತವನಿಗೆ ಆಧಾರ್ ಇಲ್ಲ, ಆಧಾರ್ ಇಲ್ಲದವನಿಗೆ ಎಫ್.ಐ.ಡಿ. ಇಲ್ಲ, ಎಫ್.ಐ.ಡಿ. ಇಲ್ಲದ ಹೊಲಕ್ಕೆ ಪರಿಹಾರ ಇಲ್ಲ. ಯಾವ ಅಧಿಕಾರಿಯೂ ಅವರ ಹಣ ತಡೆಹಿಡಿದಿರಲಿಲ್ಲ.

ಇಂಥ ಪಹಣಿಗಳು ನಮ್ಮ ಕಡೆ ಒಂದೆರಡಲ್ಲ. ಯಾಕೆ ಹೀಗೆ ಬಿಟ್ಟಿರಿ ಎಂದು ಕೇಳಿದರೆ, "ನಮ್ಮ ನಮ್ಮಲ್ಲಿ ತಕರಾರಿಲ್ಲವಲ್ಲ ಸಾರ್, ಕಾಗದ ಯಾಕೆ" ಎನ್ನುತ್ತಾರೆ. ತಕರಾರು ಇಲ್ಲದಾಗಲೇ ಕಾಗದ ಮಾಡಿಸಿಕೊಳ್ಳಬೇಕು. ತಕರಾರು ಹುಟ್ಟಿದ ಮೇಲೆ ಮಾಡಿಸಲು ಹೋದರೆ ಒಬ್ಬ ರುಜು ಹಾಕುತ್ತಾನೆ, ಇನ್ನೊಬ್ಬ ಹಾಕುವುದಿಲ್ಲ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಇದಕ್ಕೆ ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಪಹಣಿ, ವಾರಸುದಾರರೆಲ್ಲರ ಆಧಾರ್ ಜೊತೆಗಿರಲಿ. ಗ್ರಾಮ ಆಡಳಿತಾಧಿಕಾರಿ, ಅಂದರೆ ಮೊದಲು ನೀವು ಗ್ರಾಮಲೆಕ್ಕಿಗ ಎನ್ನುತ್ತಿದ್ದವರು, ವಿಚಾರಣೆ ಮಾಡುತ್ತಾರೆ. ಆಕ್ಷೇಪಣೆಗೆ ನೋಟೀಸು ಹೊರಡುತ್ತದೆ. ಯಾರೂ ಆಕ್ಷೇಪ ಎತ್ತದಿದ್ದರೆ ಹೆಸರು ಬದಲಾಗುತ್ತದೆ. ಕೇಳುವುದಕ್ಕೆ ಸುಲಭವಾಗಿದೆ. ಆದರೆ ಎರಡು ಕಡೆ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ.

ಒಂದನೆಯದು ಮರಣ ಪ್ರಮಾಣಪತ್ರ. ಮೂವತ್ತು ವರ್ಷದ ಹಿಂದೆ ತೀರಿಕೊಂಡ ತಾತನ ಮರಣವನ್ನು ಯಾರೂ ಬರೆಸಿರುವುದಿಲ್ಲ. ಮರಣವಾಗಿ ಒಂದು ವರ್ಷ ಕಳೆದ ಮೇಲೆ ನೋಂದಾಯಿಸಬೇಕಾದರೆ ಹಿಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು, ವಕೀಲರ ಫೀಜು ಕೊಡಬೇಕಾಗಿತ್ತು. ಎಷ್ಟೋ ಜನ ಅಲ್ಲಿಗೇ ಕೈಬಿಟ್ಟರು. 2023ರಲ್ಲಿ ಜನನ ಮರಣ ನೋಂದಣಿ ಕಾಯಿದೆಗೆ ತಿದ್ದುಪಡಿಯಾಗಿ, ಆ ಅಧಿಕಾರ ಕಂದಾಯ ಇಲಾಖೆಯ ದಂಡಾಧಿಕಾರಿಗಳ ಕೈಗೆ ಬಂದಿದೆ. ಹಿಂದೆ ಕೋರ್ಟು ಎಂದು ಹೆದರಿ ಬಿಟ್ಟವರು ಈಗ ತಾಲ್ಲೂಕು ಕಚೇರಿಯಲ್ಲಿ ಮತ್ತೊಮ್ಮೆ ವಿಚಾರಿಸಿ. ಇನ್ನು ಮುಂದಕ್ಕಂತೂ ಮನೆಯಲ್ಲಿ ಸಾವಾದರೆ ಹನ್ನೊಂದನೆಯ ದಿನದ ಕಾರ್ಯಕ್ಕೆ ಸಾಮಾನು ತರುವ ಓಡಾಟದಲ್ಲೇ ಪಂಚಾಯಿತಿಗೂ ಒಂದು ಹೆಜ್ಜೆ ಹೋಗಿ ಬರೆಸಿಬಿಡಿ. ಇಪ್ಪತ್ತೊಂದು ದಿನದೊಳಗೆ ಬರೆಸಿದರೆ ತಡವೆಂಬ ಮಾತೇ ಬರುವುದಿಲ್ಲ.

ಎರಡನೆಯದು ವಂಶವೃಕ್ಷ. ಇದರ ಮೇಲೆ ಸ್ವಲ್ಪ ನಿಂತು ಮಾತಾಡಬೇಕು.

ವಂಶವೃಕ್ಷ ಬರೆಸುವಾಗ ಗಂಡುಮಕ್ಕಳ ಹೆಸರನ್ನು ಮಾತ್ರ ಬರೆಸಿ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವುದು ನಮ್ಮಲ್ಲಿ ನಡೆದುಬಂದಿರುವ ರೂಢಿ. "ಕೊಟ್ಟ ಮನೆಗೆ ಹೋದಳಲ್ಲ" ಎನ್ನುವುದು ಒಂದು ಸಮಾಧಾನ. "ಬರೆಸಿದರೆ ಪಾಲು ಕೇಳುತ್ತಾಳೆ" ಎನ್ನುವುದು ಒಳಗಿನ ಭಯ. ಕಾನೂನು ಏನು ಹೇಳುತ್ತದೆ ಎಂದು ನೇರವಾಗಿ ಹೇಳುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕನ್ನು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಅದು ಬಂತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲ ಬಹುಕಾಲ ಇತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಹಿಂದೆಯೇ ನೋಂದಣಿಯಾಗಿ ಮುಗಿದುಹೋದ ಹಳೆಯ ವಿಭಾಗಗಳ ಮಾತು ಬೇರೆ, ಅದನ್ನು ತಿಳಿದವರಲ್ಲಿ ಕೇಳಬೇಕು.

ಅಂದಮೇಲೆ ಅಕ್ಕತಂಗಿಯರ ಹೆಸರು ಬಿಟ್ಟು ಬರೆಸಿದ ವಂಶವೃಕ್ಷ ಸುಳ್ಳು ಕಾಗದವಾಗುತ್ತದೆ. ಇವತ್ತು ಖಾತೆಯಾಗಬಹುದು. ಹತ್ತು ವರ್ಷದ ಮೇಲೆ ಆ ಹೊಲದ ಪಕ್ಕ ರಸ್ತೆ ಬಂದು ಬೆಲೆ ಏರಿದಾಗ ಅಕ್ಕನ ಮಗ ಬಂದು ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಕೋರ್ಟಿನ ತಡೆಯಾಜ್ಞೆ ಪಹಣಿಯ 11ನೆಯ ಕಲಮಿನಲ್ಲಿ ಬಂದು ಕೂರುತ್ತದೆ. ಆಮೇಲೆ ಸಾಲವೂ ಸುಲಭಕ್ಕೆ ಹುಟ್ಟುವುದಿಲ್ಲ, ಕ್ರಯವೂ ನಡೆಯುವುದಿಲ್ಲ. ಬೆಂಗಳೂರು-ಚೆನ್ನೈ ಹೆದ್ದಾರಿಗೆ ನಮ್ಮ ಕಡೆ ಭೂಮಿ ಹೋದಾಗ ಪರಿಹಾರದ ಹಣಕ್ಕೆ ಎಷ್ಟು ಮನೆಗಳಲ್ಲಿ ಒಡಹುಟ್ಟಿದವರು ಎದುರುಬದುರಾದರೆಂಬುದು ನಿಮಗೇ ಗೊತ್ತಿದೆ.

ಅಕ್ಕತಂಗಿಯರ ಹೆಸರು ಸೇರಿಸಿ. ಅವರಿಗೆ ಪಾಲು ಬೇಕಿದ್ದರೆ ಅದು ಅವರ ಹಕ್ಕು, ಕೊಡಬೇಕು. ಬೇಡ, ಅಣ್ಣನಿಗೇ ಇರಲಿ ಎಂದು ಅವರೇ ಮನಸ್ಸಾರೆ ಹೇಳಿದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಅರಿಶಿನ ಕುಂಕುಮಕ್ಕೆ ಕರೆಸಿ, ಊಟ ಹಾಕಿ, ಏನು ಬರೆದಿದೆ ಎಂದು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬೇಡ. ತಾಯಂದಿರೆ, ನೀವೂ ಕೇಳಿಸಿಕೊಳ್ಳಿ. ತವರಿನವರು ರುಜು ಕೇಳಿದರೆ ಕಾಗದವನ್ನು ಓದಿಸಿಕೊಂಡು ರುಜು ಹಾಕಿ. ಅದರಿಂದ ತವರಿನ ಪ್ರೀತಿ ಕಡಿಮೆಯಾಗುವುದಿಲ್ಲ.

ಪೌತಿ ಖಾತೆಯಾದ ಮೇಲೆ ಪಹಣಿಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. ಇಷ್ಟಕ್ಕೇ ಜಮೀನು ಪಾಲಾಯಿತು ಎಂದು ತಿಳಿಯಬೇಡಿ. ಪಾಲು ಬೇರೆ, ಖಾತೆ ಬೇರೆ. ಪಾಲಿಗೆ ವಿಭಾಗ ಪತ್ರ ನೋಂದಣಿಯಾಗಬೇಕು, ಅಳತೆಯಾಗಿ ನಕ್ಷೆಯಾಗಬೇಕು, ಪೋಡಿಯಾಗಬೇಕು. ಅದಕ್ಕೆ ಕಾಲ ಹಿಡಿಯುತ್ತದೆ, ಖರ್ಚೂ ಇದೆ. ಆದರೆ ಬದುಕಿರುವವರ ಹೆಸರು ಪಹಣಿಗೆ ಬರುವುದಕ್ಕೆ ಪಾಲಾಗುವವರೆಗೆ ಕಾಯಬೇಕಾಗಿಲ್ಲ. ಜಂಟಿ ಖಾತೆಯಲ್ಲಿ ಹೆಸರಿರುವ ಬೇರೆ ಬೇರೆ ಕುಟುಂಬಗಳಿಗೆ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಹಣ ಬೇರೆ ಬೇರೆಯಾಗಿಯೇ ಸಲ್ಲುತ್ತದೆ.

ಆ ಹಣದ ಮಾತು ಬಂದಿತಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 2019ರ ಫೆಬ್ರವರಿ 24ರಂದು ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಅದೇ ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ 4,000 ಸೇರಿಸಿತ್ತು. 2023ರಲ್ಲಿ ಅದು ನಿಂತಿತು. ಈಗಲೂ ಕೆಲವರು ಹತ್ತು ಸಾವಿರದ ಲೆಕ್ಕದಲ್ಲೇ ಇದ್ದು, ಉಳಿದ ನಾಲ್ಕು ಸಾವಿರ ಯಾರ ಪಾಲಾಯಿತು ಎಂದು ಕೇಳುತ್ತಾರೆ. ಯಾರ ಪಾಲೂ ಆಗಿಲ್ಲ. ಯೋಜನೆ ಮಾಡುವಾಗ 2019ರ ಫೆಬ್ರವರಿ 1ರ ಹೊತ್ತಿಗೆ ಯಾರ ಹೆಸರಿನಲ್ಲಿ ಜಮೀನಿತ್ತೋ ಅವರಿಗೆ ಎಂದು ಗೆರೆ ಎಳೆದರು. ಅದರ ನಂತರ ಕೊಂಡ ಜಮೀನಿಗೆ ಇಲ್ಲ, ಆದರೆ ಮಾಲೀಕ ತೀರಿಕೊಂಡು ವಾರಸಿಗೆ ಬಂದ ಜಮೀನಿಗೆ ವಿನಾಯಿತಿ ಇಟ್ಟರು. ಪೌತಿ ಖಾತೆಯ ಬೆಲೆ ಇಲ್ಲಿಯೂ ಕಾಣುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ, ತಿಂಗಳಿಗೆ 10,000 ಅಥವಾ ಹೆಚ್ಚು ನಿವೃತ್ತಿ ವೇತನ ಪಡೆಯುವವರಿಗೆ, ನಾಲ್ಕನೆಯ ದರ್ಜೆಯವರನ್ನು ಬಿಟ್ಟು ಉಳಿದ ಸರ್ಕಾರಿ ನೌಕರರಿಗೆ ಇದು ಇಲ್ಲ. ಇನ್ನೊಂದು ಎಚ್ಚರಿಕೆ. ತಂದೆ ತೀರಿಕೊಂಡ ಮೇಲೂ ಅವರ ಖಾತೆಗೆ ಕಂತು ಬೀಳುತ್ತಿದ್ದರೆ, ಯಂತ್ರದ ಕಾರ್ಡು ಇದೆಯಲ್ಲ ಎಂದು ತೆಗೆದುಕೊಳ್ಳಬೇಡಿ. ಅದು ವಾಪಸು ಕಟ್ಟಬೇಕಾದ ಹಣ. ತಿಳಿಸಿ, ನಿಲ್ಲಿಸಿ, ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿ.

ಈಗ ಹೆಸರಿನ ಅಕ್ಷರಗಳ ವಿಚಾರ. ನಮ್ಮದು ಮೂರು ಭಾಷೆಯ ಸೀಮೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಇದು ಬೇತಮಂಗಲ, ಕ್ಯಾಸಂಬಳ್ಳಿ ಕಡೆ ಹೊಸದೇನಲ್ಲ. ಬಾಯಿಗೆ ಅದರಿಂದ ಒಂದು ತೊಂದರೆಯೂ ಇಲ್ಲ. ಕಾಗದಕ್ಕೆ ಇದೆ. ಉದಾಹರಣೆಗೆ ಪಹಣಿಯಲ್ಲಿ 'ಮುನಿಯಪ್ಪ ಬಿನ್ ದೊಡ್ಡಮುನಿಯಪ್ಪ' ಎಂದಿರುತ್ತದೆ. ಆಧಾರಿನಲ್ಲಿ 'ಮುನಿಸ್ವಾಮಿ ಡಿ.' ಎಂದಿರುತ್ತದೆ. ಬ್ಯಾಂಕಿನಲ್ಲಿ 'ಎಂ. ಮುನಿಯಪ್ಪ'. ಊರಿಗೆಲ್ಲ ಮೂವರೂ ಒಬ್ಬನೇ, ಯಂತ್ರಕ್ಕೆ ಮೂರು ಜನ. ಹೆಂಗಸರಲ್ಲಂತೂ 'ವೆಂಕಟಮ್ಮ' ಒಂದು ಕಡೆ, 'ವೆಂಕಟಲಕ್ಷ್ಮಮ್ಮ' ಇನ್ನೊಂದು ಕಡೆ. ಮದುವೆಗೆ ಮೊದಲು ತಂದೆಯ ಹೆಸರು, ಆಮೇಲೆ 'ಕೋಂ' ಹಾಕಿ ಗಂಡನ ಹೆಸರು.

ಹೆಸರು ಹೊಂದುವುದಿಲ್ಲ ಎಂದು ಗೊತ್ತಾದ ಕೂಡಲೆ ಆಧಾರ್ ತಿದ್ದಿಸಲು ಓಡಬೇಡಿ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಲು ಅವಕಾಶ. ಪಡಿತರ ಚೀಟಿಗೆಂದು ಒಂದು ಸಲ, ಪಹಣಿಗೆಂದು ಒಂದು ಸಲ ತಿದ್ದಿಸಿದರೆ ಆಮೇಲೆ ನಿಜವಾಗಿ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ. ಮೊದಲು ಎಲ್ಲ ಕಾಗದಗಳನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ಯಾವುದು ಸರಿ, ಯಾವುದು ತಪ್ಪು ಎಂದು ನೋಡಬೇಕು. ಪಹಣಿಯಲ್ಲಿ ಗಣಕಯಂತ್ರಕ್ಕೆ ಏರಿಸುವಾಗ ಆದ ಅಕ್ಷರದ ತಪ್ಪಾದರೆ ಅದನ್ನು ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬಹುದು. 2024ರಲ್ಲಿ ಕಂದಾಯ ಇಲಾಖೆ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ಹಿಡಿಯಿತು. ಆಗ ನಿಮ್ಮದು ಜೋಡಣೆಯಾಗಿದೆಯೇ ಎಂದು ನಿಮ್ಮ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ತಿಳಿದುಕೊಳ್ಳಿ.

ಬ್ಯಾಂಕಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. "ಪಾಸ್‌ಬುಕ್ ಕೊಟ್ಟಿದ್ದೇನೆ, ಹಣ ಅದಕ್ಕೇ ಬರಬೇಕು" ಎಂದು ತಿಳಿದಿರುತ್ತಾರೆ. ಹಾಗಲ್ಲ. ಆಧಾರ್ ಮೂಲಕ ಬರುವ ಹಣ, ನೀವು ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದಿರೋ ಅಲ್ಲಿಗೆ ಹೋಗುತ್ತದೆ. ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಾಗ ಸಂಬಳಕ್ಕೆಂದು ತೆರೆದ ಖಾತೆ, ಸಂಘದ ಸಾಲಕ್ಕೆಂದು ತೆರೆದ ಖಾತೆ, ಅಂಚೆಯಣ್ಣ ಮನೆಬಾಗಿಲಲ್ಲೇ ಬೆರಳಿಟ್ಟು ತೆರೆದುಕೊಟ್ಟ ಖಾತೆ, ಇವುಗಳಲ್ಲಿ ಯಾವುದರಲ್ಲೋ ಹಣ ಬಿದ್ದು ಮಲಗಿರುತ್ತದೆ. ಬರಲಿಲ್ಲ ಎಂದು ದೂರುವ ಮೊದಲು ಅವನ್ನೂ ಒಮ್ಮೆ ನೋಡಿ. ಇದರ ಜೊತೆಗೆ ಬ್ಯಾಂಕುಗಳೇ ಹೆಸರು ಬದಲಾಯಿಸಿವೆ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ. ಗ್ರಾಮೀಣ ಬ್ಯಾಂಕುಗಳು 2025ರ ಮೇ ತಿಂಗಳಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂದು ಒಂದಾದವು. ಹಳೆಯ ಪಾಸ್‌ಬುಕ್ಕನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿರುವವರು ಒಮ್ಮೆ ಹೋಗಿ ಹೊಸದು ಮಾಡಿಸಿಕೊಳ್ಳಿ, ಎರಡು ವರ್ಷಕ್ಕೊಮ್ಮೆಯೂ ಮುಟ್ಟದ ಖಾತೆ ನಿದ್ರೆ ಹೋಗಿರುತ್ತದೆ. ಬರ ಪರಿಹಾರದ ಹಣವನ್ನು ಹಳೆಯ ಸಾಲಕ್ಕೆ ಮುರಿದುಕೊಳ್ಳಬಾರದೆಂದು 2024ರಲ್ಲಿ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ನಿಮ್ಮದನ್ನು ಮುರಿದುಕೊಂಡಿದ್ದರೆ ಸುಮ್ಮನಿರದೆ ವ್ಯವಸ್ಥಾಪಕರಿಗೆ ಬರಹದಲ್ಲಿ ಕೇಳಿ.

ಬೆರಳಚ್ಚಿನ ತೊಂದರೆ ನಮ್ಮ ಹೆಂಗಸರಿಗೆ ಹೆಚ್ಚು. ಹಿಪ್ಪುನೇರಳೆ ಸೊಪ್ಪು ಬಿಡಿಸಿ, ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದುಹೋಗಿರುತ್ತದೆ. ಯಂತ್ರ ಹಿಡಿಯುವುದಿಲ್ಲ, ಇವರು ನಾಚಿಕೊಂಡು ಮನೆಗೆ ಬರುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಿಸಾನ್ ಸಮ್ಮಾನಿನ ಗುರುತು ಖಾತ್ರಿಯನ್ನು ಮೊಬೈಲಿಗೆ ಬರುವ ಸಂಖ್ಯೆಯಿಂದಲೂ ಮಾಡಬಹುದು, 2023ರಿಂದ ಮುಖ ತೋರಿಸಿಯೂ ಮಾಡಬಹುದು.

ಹೆಂಗಸರ ಮಾತು ಇಷ್ಟಕ್ಕೆ ಮುಗಿಯಲಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಕೋರಮಂಡಲ, ಊರಿಗಾಂನಿಂದ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರ ಸಂಖ್ಯೆ ದೊಡ್ಡದು. ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದಲೂ ಗಂಡಸರು ಹೋಗುತ್ತಾರೆ. ಹೊಲ ನೋಡಿಕೊಳ್ಳುವವರು ಯಾರು? ಮನೆಯ ಹೆಂಗಸು. ಬಿತ್ತನೆ ಬೀಜಕ್ಕೆ ಸಾಲಿನಲ್ಲಿ ನಿಲ್ಲುವವಳು ಅವಳು, ಬೋರ್‌ವೆಲ್ ಮೋಟಾರು ಕೆಟ್ಟರೆ ಓಡಾಡುವವಳು ಅವಳು. ಪಹಣಿಯಲ್ಲಿ ಮಾವನ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಗಂಡ ತೀರಿಕೊಂಡರಂತೂ ಆಕೆಗೆ ಕಾಗದದಲ್ಲಿ ಯಾವ ಗುರುತೂ ಇಲ್ಲ. ಮಾವನ ಪೌತಿ ಖಾತೆಯಾಗುವಾಗ ಸತ್ತ ಮಗನ ಹೆಂಡತಿ ಮಕ್ಕಳ ಹೆಸರು ಸೇರಬೇಕು, ಅದೂ ಕಾನೂನೇ. ಭಾವಮೈದುನರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ಬಿಟ್ಟ ಎಷ್ಟೋ ತಾಯಂದಿರು ತಾವು ಉತ್ತ ಹೊಲದಲ್ಲೇ ಕೂಲಿಯವರಾದದ್ದನ್ನು ಕಂಡಿದ್ದೇನೆ.

ಹಾಲಿನ ವಿಚಾರದಲ್ಲಿ ಈ ಗೋಜಿಲ್ಲ. ಹಸುವಿಗೆ ಪಹಣಿ ಇಲ್ಲವಲ್ಲ! ಡೇರಿಗೆ ಯಾರ ಹೆಸರಿನಲ್ಲಿ ಹಾಲು ಹಾಕುತ್ತೀರೋ ಅವರ ಖಾತೆಗೇ ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬರುವುದು. ಆದ್ದರಿಂದ ಹಾಲು ಕರೆಯುವ ಕೈಯ ಹೆಸರಿನಲ್ಲೇ ಸಂಘದ ಸದಸ್ಯತ್ವ ಇದ್ದರೆ ಚೆನ್ನ.

ಪಹಣಿಯೇ ಇಲ್ಲದವರು ಏನು ಮಾಡಬೇಕು ಎಂದು ಕೇಳುವಿರಿ. ವಾರಕ್ಕೋ ಗುತ್ತಿಗೆಗೋ ಹೊಲ ಮಾಡುವವರು, ಬಗರ್ ಹುಕುಂ ಸಾಗುವಳಿ ಮಾಡಿಕೊಂಡು ಮಂಜೂರಾತಿಗೆ ಕಾದಿರುವವರು ನಮ್ಮಲ್ಲಿ ಕಡಿಮೆಯಿಲ್ಲ. ಬೆಳೆ ಹೋದಾಗ ನಷ್ಟ ಅವರದು, ಹಣ ಪಹಣಿಯವನದು. ಭೂಸುಧಾರಣೆಯಾದ ಮೇಲೆ ಗೇಣಿ ಎಂಬುದು ಕಾಗದದಲ್ಲಿ ಇಲ್ಲವಾದ್ದರಿಂದ ಗುತ್ತಿಗೆಯವನಿಗೆ ಗುರುತು ಸಿಗುವುದಿಲ್ಲ. ಇದು ಈ ಯೋಜನೆಗಳ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ನನ್ನ ಬಳಿ ಮದ್ದಿಲ್ಲ. ಹೊಲ ಕೊಡುವಾಗಲೇ, ಪರಿಹಾರ ಬಂದರೆ ಇಷ್ಟು ಪಾಲು ಸಾಗುವಳಿ ಮಾಡಿದವನಿಗೆ ಎಂದು ನಾಲ್ಕು ಜನರ ಮುಂದೆ ಮಾತಾಡಿಕೊಳ್ಳಿ ಎಂದು ಮಾತ್ರ ಹೇಳಬಲ್ಲೆ. ಜಮೀನಿನ ಯಜಮಾನರೂ ಧರ್ಮವಾಗಿ ನಡೆದುಕೊಳ್ಳಬೇಕು.

ಪಹಣಿ ಸರಿಯಿದ್ದವರೂ ಎರಡು ಕಡೆ ಎಡವುತ್ತಾರೆ. ಎಫ್.ಐ.ಡಿ. ಮಾಡಿಸುವಾಗ ಕೈಗೆ ಸಿಕ್ಕಿದ ಒಂದು ಪಹಣಿ ತಂದು ಒಂದೇ ಸರ್ವೆ ನಂಬರು ಸೇರಿಸಿರುತ್ತಾರೆ. ಉಳಿದ ಎರಡು ಮೂರು ನಂಬರು ಹೊರಗೇ ಉಳಿದಿರುತ್ತದೆ. ಪರಿಹಾರ ಬರುವುದು ಸೇರಿಸಿದ ವಿಸ್ತೀರ್ಣಕ್ಕೆ ಮಾತ್ರ. ಮೂರೆಕರೆ ಇದ್ದವನಿಗೆ ಮೂವತ್ತು ಗುಂಟೆಯ ಹಣ ಬಂತೆಂದರೆ ಕಾರಣ ಬಹುಶಃ ಇದೇ. ಎರಡನೆಯದು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲಿ ಹೊಲಕ್ಕೆ ಬಂದು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಅವರು ರಾಗಿಯ ಜಾಗದಲ್ಲಿ ಪಾಳು ಎಂದು ಬರೆದರೆ ಪರಿಹಾರವೂ ಇಲ್ಲ, ವಿಮೆ ಕಟ್ಟಿದ್ದರೆ ಅದಕ್ಕೂ ತೊಡಕು. ರಾಗಿಯ ನಡುವೆ ಅವರೆ, ತೊಗರಿ ಅಕ್ಕಡಿ ಹಾಕಿರುವವರು ಅದನ್ನೂ ಬರೆಸಬೇಕು. ನೀವೇ ಮೊಬೈಲಿನಲ್ಲಿ ಸಮೀಕ್ಷೆ ಮಾಡಲು 2020ರಿಂದ ಅವಕಾಶವಿದೆ. ಬೇರೆಯವರು ಮಾಡಿದ್ದನ್ನು 'ಬೆಳೆ ದರ್ಶಕ'ದಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಬಹುದು. ಮನೆಯಲ್ಲಿ ಓದಿದ ಹುಡುಗ ಹುಡುಗಿಯರಿಗೆ ಈ ಕೆಲಸ ಹಚ್ಚಿ.

ಕೆ.ಜಿ.ಎಫ್. ಬೇರೆ ತಾಲ್ಲೂಕಾದ ಮೇಲೆ ಕಚೇರಿಯ ಗೊಂದಲವೂ ಇದೆ. ಬೇತಮಂಗಲ, ಕ್ಯಾಸಂಬಳ್ಳಿ, ರಾಬರ್ಟ್‌ಸನ್‌ಪೇಟೆ ಹೋಬಳಿಗಳವರು ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದವರು. ಕಸಬಾ, ಬೂದಿಕೋಟೆ, ಕಾಮಸಮುದ್ರದವರು ಬಂಗಾರಪೇಟೆಯವರು. ಹಳೆಯ ಅಭ್ಯಾಸದಿಂದ ಬಸ್ ಖರ್ಚು ಮಾಡಿಕೊಂಡು ಬೇರೆ ಕಡೆ ಹೋಗಬೇಡಿ.

ಎಫ್.ಐ.ಡಿ. ಮಾಡಿಸುವುದಕ್ಕೆ ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. "ನಾನು ಮಾಡಿಸಿಕೊಡುತ್ತೇನೆ, ಐನೂರು ಕೊಡಿ" ಎನ್ನುವವರಿಗೆ ಕೊಡಬೇಡಿ. ಕಿಸಾನ್ ಹಣ ಬಂದಿದೆ, ಇದನ್ನು ಒತ್ತಿ ಎಂದು ಮೊಬೈಲಿಗೆ ಬರುವ ಕಡತಗಳನ್ನು ಒತ್ತಬೇಡಿ, ಒತ್ತಿದರೆ ಖಾತೆಯಲ್ಲಿ ಇದ್ದದ್ದೂ ಹೋಗುತ್ತದೆ. ಕಿಸಾನ್ ಸಮ್ಮಾನಿನ ಅನುಮಾನಗಳಿಗೆ 155261ಕ್ಕೆ ಫೋನು ಮಾಡಿ.

ಕೇಂದ್ರಕ್ಕೆ ಬರುವಾಗ ಎಲ್ಲ ಸರ್ವೆ ನಂಬರುಗಳ ಪಹಣಿ, ಆಧಾರ್, ಈಚಿನ ಪಾಸ್‌ಬುಕ್, ಪರಿಶಿಷ್ಟ ಜಾತಿ ಪಂಗಡದವರಾದರೆ ಜಾತಿ ಪ್ರಮಾಣಪತ್ರ, ಆಧಾರಿಗೆ ಸೇರಿದ ಮೊಬೈಲು ತನ್ನಿ. ಬೆಳಗ್ಗೆ ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ನಾವು ಹೊಲಗಳ ಕಡೆ ಹೋಗಿರುತ್ತೇವೆ. ಬಿತ್ತನೆಯ ಕಾಲದಲ್ಲಿ ಬೀಜಕ್ಕೆ ಬರುವವರ ನೂಕುನುಗ್ಗಲು ಇರುತ್ತದೆ, ಅದಕ್ಕೆ ಮೊದಲೇ ಬಿಡುವು ಮಾಡಿಕೊಂಡು ಬನ್ನಿ.